ಗಡಿಯೇ ಬಂಡವಾಳ: ಜನಾರ್ದನ ರೆಡ್ಡಿ ರಾಜಕಾರಣದ ಒಳಲೆಕ್ಕ

2018ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ಗಾಲಿ ಜನಾರ್ದನ ರೆಡ್ಡಿ ಬಳ್ಳಾರಿಗೆ ಕಾಲಿಡುವಂತಿರಲಿಲ್ಲ. ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಜಾಮೀನು ಕೊಡುವಾಗ ಸುಪ್ರೀಂ ಕೋರ್ಟ್ ಹಾಕಿದ್ದ ಷರತ್ತು ಅದು. ಆಂಧ್ರದ ಅನಂತಪುರ ಮತ್ತು ಕಡಪ ಜಿಲ್ಲೆಗಳಿಗೂ ಪ್ರವೇಶವಿರಲಿಲ್ಲ. ಅವರು ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬಳ್ಳಾರಿ ಗಡಿಗೆ ಅಂಟಿಕೊಂಡ ತೋಟದ ಮನೆಯೊಂದರಲ್ಲಿ ಬಿಡಾರ ಹೂಡಿದರು. ಬಳ್ಳಾರಿಯವರೇ ಗಡಿ ದಾಟಿ ಬಂದು ಅವರನ್ನು ಕಂಡು ಹೋಗುತ್ತಿದ್ದರು. ರೆಡ್ಡಿಗೂ ಪಕ್ಷಕ್ಕೂ ಸಂಬಂಧವಿಲ್ಲ ಎಂದು ಆಗಿನ ಬಿಜೆಪಿ ಅಧ್ಯಕ್ಷ ಅಮಿತ್ ಶಾ ಹೇಳಿಯಾಗಿತ್ತು. ಆದರೂ ಸಹೋದರ ಕರುಣಾಕರ ರೆಡ್ಡಿಗೆ ಹರಪನಹಳ್ಳಿ, ಸೋಮಶೇಖರ ರೆಡ್ಡಿಗೆ ಬಳ್ಳಾರಿ ನಗರ, ಆಪ್ತ ಬಿ. ಶ್ರೀರಾಮುಲುಗೆ ಮೊಳಕಾಲ್ಮೂರು ಟಿಕೆಟ್ ಸಿಕ್ಕಿತು. ಮೂವರೂ ಗೆದ್ದರು.

ರೆಡ್ಡಿಯವರ ಕಥೆಯನ್ನು ಹೆಲಿಕಾಪ್ಟರು, ಚಿನ್ನದ ಕುರ್ಚಿ, ಮಗಳ ಮದುವೆಗಳ ಮೂಲಕ ಹೇಳುವುದು ರೂಢಿ. ಅವೆಲ್ಲ ಕಣ್ಣಿಗೆ ಬೀಳುವ ಸಂಗತಿಗಳು, ಆದರೆ ಅವುಗಳಿಂದ ಏನೂ ಅರ್ಥವಾಗುವುದಿಲ್ಲ. ರಾಜ್ಯದ ಗಡಿ, ಗಣಿ ಗುತ್ತಿಗೆಯ ಗಡಿ, ಜಾಮೀನಿನ ಗಡಿ, ಕೊನೆಗೆ ಶಿಕ್ಷೆಗೂ ಅನರ್ಹತೆಗೂ ನಡುವಿನ ಕಾನೂನಿನ ಗಡಿ, ಇವು ನಾಲ್ಕನ್ನು ಹಿಡಿದುಕೊಂಡರೆ ಅವರ ಏಳುಬೀಳು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಕೊಟ್ಟ 7 ವರ್ಷದ ಶಿಕ್ಷೆ, ಎರಡು ದಿನದಲ್ಲೇ ಹೋದ ಶಾಸಕ ಸ್ಥಾನ, ಎರಡು ತಿಂಗಳಲ್ಲಿ ಅದು ಮರಳಿ ಬಂದ ಪರಿ, ಇವೂ ಅದೇ ದಾರಿಯಲ್ಲಿ ಸಿಗುತ್ತವೆ.

1999ರ ಬಾಗಿಲು

ತಂದೆ ಚೆಂಗಾರೆಡ್ಡಿ ಪೊಲೀಸ್ ಕಾನ್‌ಸ್ಟೆಬಲ್. ಮಕ್ಕಳು ಮೊದಲು ಕೈಹಾಕಿದ್ದು ಎನೋಬಲ್ ಇಂಡಿಯಾ ಎಂಬ ಉಳಿತಾಯ ಮತ್ತು ಹೂಡಿಕೆ ಕಂಪನಿಗೆ. ಅದು ಮುಚ್ಚಿತು. ರಾಜಕೀಯದ ಬಾಗಿಲು ತೆರೆದದ್ದು 1999ರಲ್ಲಿ, ಬಳ್ಳಾರಿ ಲೋಕಸಭೆ ಕ್ಷೇತ್ರದಲ್ಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ಕಣಕ್ಕಿಳಿದಾಗ. ಬಳ್ಳಾರಿ ಅಲ್ಲಿಯವರೆಗೆ ಕಾಂಗ್ರೆಸ್ಸಿನ ಗಟ್ಟಿ ಕೋಟೆ. ಸುಷ್ಮಾ 56,100 ಮತಗಳಿಂದ ಸೋತರು. ಸೋಲಿನ ಅಂತರ ಅಷ್ಟಕ್ಕೇ ನಿಂತದ್ದು ಬಿಜೆಪಿಗೆ ಬಳ್ಳಾರಿಯಲ್ಲಿ ನೆಲೆ ಇದೆ ಎಂಬುದನ್ನು ತೋರಿಸಿತು. ಆ ಪ್ರಚಾರದಲ್ಲಿ ಓಡಾಡಿದ ರೆಡ್ಡಿ ಸಹೋದರರು ಮತ್ತು ಶ್ರೀರಾಮುಲು ದೆಹಲಿಯಲ್ಲಿ ಒಬ್ಬ ದೊಡ್ಡ ನಾಯಕಿಯನ್ನು ಸಂಪಾದಿಸಿಕೊಂಡರು. ವರಮಹಾಲಕ್ಷ್ಮಿ ಹಬ್ಬಕ್ಕೆ ಸುಷ್ಮಾ ವರ್ಷ ವರ್ಷ ಬಳ್ಳಾರಿಗೆ ಬರುತ್ತಿದ್ದರು. 2004ರಲ್ಲಿ ಕರುಣಾಕರ ರೆಡ್ಡಿ ಅದೇ ಲೋಕಸಭೆ ಕ್ಷೇತ್ರವನ್ನು ಬಿಜೆಪಿಗೆ ಗೆದ್ದುಕೊಟ್ಟರು.

ಇಷ್ಟರಲ್ಲಿ ಅದಿರಿನ ಬೆಲೆ ಏರತೊಡಗಿತ್ತು. ಚೀನಾದ ಉಕ್ಕಿನ ಕಾರ್ಖಾನೆಗಳು 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಸಿಕ್ಕಷ್ಟು ಅದಿರನ್ನು ಬಾಚಿಕೊಳ್ಳುತ್ತಿದ್ದವು. ಹಿಂದೆ ಗಣಿಯ ಬಾಯಲ್ಲೇ ಕಸವೆಂದು ರಾಶಿ ಹಾಕುತ್ತಿದ್ದ ಪುಡಿ ಅದಿರಿಗೂ ಗಿರಾಕಿ ಹುಟ್ಟಿತು. ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಮಾತ್ರ ಹಳೆಯ ಕಾಲದ್ದೇ. 2009ರ ಆಗಸ್ಟ್‌ವರೆಗೆ ದರ್ಜೆ ನೋಡಿ ಟನ್ನಿಗೆ ಇಷ್ಟು ಎಂದು ನಿಗದಿಯಾಗಿತ್ತು. ಅತ್ಯುತ್ತಮ ದರ್ಜೆಗೂ 27 ರೂಪಾಯಿ ಮೀರುತ್ತಿರಲಿಲ್ಲ. ಅದೇ ಟನ್ನು ಬಂದರಿನಲ್ಲಿ ಸಾವಿರಾರು ರೂಪಾಯಿಗೆ ಹೋಗುತ್ತಿತ್ತು. ಬೆಲೆಯ ಶೇ 10ರಷ್ಟು ರಾಜಧನ ಬಂದದ್ದು ಆ ಬಳಿಕ. 2014ರಲ್ಲಿ ಅದು ಶೇ 15 ಆಯಿತು. ಬಳ್ಳಾರಿಯ ಹಗರಣವನ್ನು ಬರೀ ದುರಾಸೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವವರು ಈ ಅಂತರವನ್ನು ಮರೆಯುತ್ತಾರೆ. ಸರ್ಕಾರದ ಪಾಲು ಇಷ್ಟು ಕಡಿಮೆ, ಮಾರುಕಟ್ಟೆಯ ಪಾಲು ಅಷ್ಟು ದೊಡ್ಡದು ಎಂದಾಗ ನಡುವಿನ ಹಣ ಚೆಕ್‌ಪೋಸ್ಟ್‌ನಿಂದ ವಿಧಾನಸೌಧದವರೆಗೆ ಎಲ್ಲ ಕಡೆ ಹರಿಯಿತು.

ಪರ್ಮಿಟ್‌ಗೆ ವಿಳಾಸವಿದೆ, ಅದಿರಿಗೆ ಇಲ್ಲ

ಸಂಡೂರಿನ ಬೆಟ್ಟಸಾಲು ಕರ್ನಾಟಕದಲ್ಲೇ ಮುಗಿಯುವುದಿಲ್ಲ. ಅದರ ಒಂದು ತುದಿ ಅನಂತಪುರ ಜಿಲ್ಲೆಯ ಡಿ. ಹಿರೇಹಾಳ್ ಮಂಡಲಕ್ಕೆ ಚಾಚಿದೆ. ಆ ಕಡೆ ಓಬಳಾಪುರಂ, ಸಿದ್ದಾಪುರಂ, ಮಲಪನಗುಡಿ. ಈ ಕಡೆ ಸಂಡೂರು ತಾಲ್ಲೂಕಿನ ತುಮಟಿ, ವಿಠಲಾಪುರ. ನಡುವೆ ಮೀಸಲು ಅರಣ್ಯ. ರೆಡ್ಡಿಯವರ ಓಬಳಾಪುರಂ ಮೈನಿಂಗ್ ಕಂಪನಿಗೆ, ಅಂದರೆ ಓಎಂಸಿಗೆ, ಗುತ್ತಿಗೆಗಳು ಸಿಕ್ಕದ್ದು ಆಂಧ್ರದ ಬದಿಯಲ್ಲಿ. 25.98, 39.50 ಮತ್ತು 68.50 ಹೆಕ್ಟೇರಿನ ಮೂರು ತುಂಡುಗಳು, ಒಟ್ಟು 134 ಹೆಕ್ಟೇರಿಗೆ ಸ್ವಲ್ಪ ಕಡಿಮೆ. ಎಕರೆ ಲೆಕ್ಕದಲ್ಲಿ ಸುಮಾರು 330. ಆಗ ಆಂಧ್ರದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ. ಕಡಪದಲ್ಲಿ ಬ್ರಹ್ಮಣಿ ಸ್ಟೀಲ್ಸ್ ಕಾರ್ಖಾನೆ ಕಟ್ಟುವ ಯೋಜನೆಯೂ ಇದೇ ಬಳಗದ್ದು. ಅದಿರು ಆ ಕಾರ್ಖಾನೆಯ ಸ್ವಂತ ಬಳಕೆಗೆ ಮಾತ್ರ ಎಂಬ ಷರತ್ತು ಗುತ್ತಿಗೆ ಆದೇಶದಲ್ಲಿ ಇರಬೇಕಿತ್ತೇ, ಇದ್ದದ್ದು ಹೇಗೆ ಹೋಯಿತು ಎಂಬುದೇ ಮುಂದೆ ಅಧಿಕಾರಿಗಳು ಕಟಕಟೆ ಹತ್ತಲು ಕಾರಣವಾಯಿತು.

ಅಲ್ಲಿನ ಗಡಿ ಗೊಂದಲಕ್ಕೆ ಹಳೆಯ ಇತಿಹಾಸವಿದೆ. ಅನಂತಪುರ 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗ. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನ. 1953ರ ಅಕ್ಟೋಬರ್ 1ರಂದು ಮದರಾಸು ಪ್ರಾಂತ್ಯ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಹೀಗೆ ಮೂರು ಆಡಳಿತಗಳ ನಕ್ಷೆಗಳು ಒಂದೇ ಗುಡ್ಡದ ಮೇಲೆ ಬಂದು ಕೂಡುತ್ತವೆ. ದನ ಮೇಯಿಸುವ ಕಾಲಕ್ಕೆ ಹತ್ತು ಮೀಟರ್ ಆಚೀಚೆಯಾದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಅದಿರಿಗೆ ಬೆಲೆ ಬಂದಾಗ ಆ ಹತ್ತು ಮೀಟರ್ ಕೋಟಿಗಳ ಲೆಕ್ಕಕ್ಕೆ ಬಂತು.

ಗುತ್ತಿಗೆಯ ನಕ್ಷೆ ಎಂದರೆ ಒಂದು ಗುರುತಿನಿಂದ ಇಂತಿಷ್ಟು ಡಿಗ್ರಿ ದಿಕ್ಕಿಗೆ ಇಂತಿಷ್ಟು ಮೀಟರ್ ಎಂದು ಮೂಲೆಗಲ್ಲುಗಳನ್ನು ಗೊತ್ತುಮಾಡಿದ ಚಿತ್ರ. ಮೊದಲ ಗುರುತು ಜರುಗಿದರೆ ಚಿತ್ರವಿಡೀ ಜರುಗುತ್ತದೆ. ಇಲ್ಲಿ ಇನ್ನೊಂದು ತೊಡಕೂ ಇತ್ತು: ಅಗೆದು ಅಗೆದು ಗುಡ್ಡದ ನೆತ್ತಿಯೇ ಇಳಿದಾಗ, ಹಳೆಯ ನಕ್ಷೆಯಲ್ಲಿದ್ದ ಏಣು, ಹಳ್ಳ, ದಿಬ್ಬಗಳನ್ನು ನೆಲದ ಮೇಲೆ ಹುಡುಕುವುದು ಹೇಗೆ? ಗಡಿಯ ಗುರುತಾಗಿದ್ದ ಸುಗ್ಗಲಮ್ಮ ದೇವಿಯ ಹಳೆಯ ಗುಡಿಯೂ 2006ರಲ್ಲಿ ನೆಲಸಮವಾಗಿ, ಅದೇ ಬೇರೊಂದು ಪ್ರಕರಣವಾಯಿತು. ಕೊನೆಗೆ ಸುಪ್ರೀಂ ಕೋರ್ಟ್ ಅಳತೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯನ್ನೇ ಇಳಿಸಬೇಕಾಯಿತು.

ಕಲ್ಲು ಸರಿಸಿದರೆ ಆಗುವ ಲಾಭವನ್ನು ಒಂದು ಲಾರಿಯ ಜತೆ ಹೋಗಿ ನೋಡಬಹುದು. ಗಣಿಯಿಂದ ಹೊರಟ ಅದಿರಿಗೆ ಗಣಿ ಇಲಾಖೆಯ ಸಾಗಣೆ ಪರ್ಮಿಟ್ ಬೇಕು. ಯಾವ ಗುತ್ತಿಗೆಯಿಂದ, ಎಷ್ಟು ಟನ್ನು, ಯಾವ ವಾಹನ, ಎಲ್ಲಿಗೆ, ಎಷ್ಟು ಹೊತ್ತಿನೊಳಗೆ ಎಂಬುದು ಅದರಲ್ಲಿರುತ್ತದೆ. ಅರಣ್ಯದ ಗಣಿಯಾದರೆ ಅರಣ್ಯ ಇಲಾಖೆಯ ಪಾಸೂ ಬೇಕು. ವೇಬ್ರಿಡ್ಜ್‌ನಲ್ಲಿ ತೂಕ, ಚೆಕ್‌ಪೋಸ್ಟ್‌ನಲ್ಲಿ ಮೊಹರು. ಕಾಗದದ ಮೇಲೆ ಬಿಗಿಯಾದ ವ್ಯವಸ್ಥೆಯೇ. ಸಡಿಲವಾಗುತ್ತಿದ್ದದ್ದು ಇಲ್ಲಿ: ಒಂದೇ ಪರ್ಮಿಟ್‌ನಲ್ಲಿ ಎರಡು ಮೂರು ಟ್ರಿಪ್ಪು, ಪರ್ಮಿಟ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚು ತುಂಬಿದ ಲಾರಿ, ಎಲ್ಲಕ್ಕಿಂತ ಲಾಭದ್ದು, ಒಂದು ಗಣಿಯ ಅದಿರಿಗೆ ಇನ್ನೊಂದು ಗಣಿಯ ಪರ್ಮಿಟ್. ಸ್ಟಾಕ್‌ಯಾರ್ಡ್‌ನಲ್ಲಿ ಹತ್ತು ಗಣಿಗಳ ರಾಶಿ ಬೆರೆತ ಮೇಲೆ ಯಾವ ಹಿಡಿ ಮಣ್ಣು ಎಲ್ಲಿಯದೆಂದು ಹೇಳುವವರಿಲ್ಲ. ಕರ್ನಾಟಕದ ಬದಿಯಲ್ಲಿ ಅಗೆದ ಅದಿರು ಆಂಧ್ರದ ಓಎಂಸಿ ಗುತ್ತಿಗೆಯ ಹೆಸರಿನಲ್ಲಿ ಹೊರಗೆ ಹೋಯಿತು ಎಂಬುದೇ ಲೋಕಾಯುಕ್ತ ವರದಿಯಲ್ಲೂ ಸಿಬಿಐ ಆರೋಪಪಟ್ಟಿಯಲ್ಲೂ ಇರುವ ಮುಖ್ಯ ಎಳೆ. ಚಿಕ್ಕ ಗುತ್ತಿಗೆಯಿಂದ ಅದರ ಹೊಟ್ಟೆ ಹಿಡಿಯದಷ್ಟು ಅದಿರು ಬಂದರೆ ಅನುಮಾನ ಹುಟ್ಟದೇ ಇರುತ್ತದೆಯೇ?

ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆಯವರ ತಂಡ, ವಿಶೇಷವಾಗಿ ಅರಣ್ಯ ಅಧಿಕಾರಿ ಯು.ವಿ. ಸಿಂಗ್, ಇದನ್ನು ಹಿಡಿದದ್ದು ಗುಡ್ಡ ಹತ್ತಿಯಷ್ಟೇ ಅಲ್ಲ, ಲೆಕ್ಕದ ಪುಸ್ತಕ ಕೂಡಿಸಿ. ಪರ್ಮಿಟ್ ಕೊಟ್ಟ ಟನ್ನು ಒಂದು ಕಡೆ, ಬಂದರುಗಳಿಂದ ಹಡಗು ಹತ್ತಿದ ಟನ್ನು ಇನ್ನೊಂದು ಕಡೆ. 2011ರ ಜುಲೈ 27ರಂದು ಸಲ್ಲಿಸಿದ ವರದಿಯ ಪ್ರಕಾರ ಅಕ್ರಮವಾಗಿ ರಫ್ತಾದದ್ದು 2.98 ಕೋಟಿ ಟನ್, ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ. ಅದೇ ವರದಿ ‘ಜೀರೋ ರಿಸ್ಕ್’ ಎಂಬ ಏರ್ಪಾಡನ್ನೂ ಬಣ್ಣಿಸುತ್ತದೆ. ಪರ್ಮಿಟ್ ಇಲ್ಲದ ಲಾರಿ ಗಣಿಯಿಂದ ಬಂದರಿನವರೆಗೆ ಯಾರ ಕೈಗೂ ಸಿಗದೆ ತಲುಪುವುದಕ್ಕೆ ಖಾತರಿ, ಅದಕ್ಕೆ ಪ್ರತಿಯಾಗಿ ಪಾಲು. ಇದನ್ನು ನಡೆಸುತ್ತಿದ್ದವರು ರೆಡ್ಡಿಯವರ ಆಪ್ತರು ಎಂದು ವರದಿ ಹೇಳಿತು. ‘ಬಳ್ಳಾರಿ ಗಣರಾಜ್ಯ’ ಎಂಬ ಮಾತು ಜನರ ಬಾಯಿಗೆ ಬಂದದ್ದು ಇಂಥ ಸಮಾನಾಂತರ ಆಡಳಿತದಿಂದ.

ಇದು ಒಂದೇ ಪಕ್ಷದ ರೋಗವಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿಟ್ಟ ಸುಮಾರು 5 ಲಕ್ಷ ಟನ್ ಅದಿರಿನಲ್ಲಿ ಹೆಚ್ಚಿನ ಪಾಲು ಮಾಯವಾದ ಪ್ರಕರಣದಲ್ಲಿ ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್ ಅವರಿಗೆ 2024ರ ಅಕ್ಟೋಬರ್‌ನಲ್ಲಿ 7 ವರ್ಷದ ಶಿಕ್ಷೆಯಾಯಿತು. ಮುಂದಿನ ತಿಂಗಳೇ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು.

ಸರ್ಕಾರ ಕಟ್ಟುವವರು, ಅಲುಗಿಸುವವರು

2006ರಲ್ಲಿ ವಿಧಾನ ಪರಿಷತ್ ಸದಸ್ಯರಾಗಿದ್ದ ರೆಡ್ಡಿ ತಮ್ಮದೇ ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಗಣಿ ಮಾಲೀಕರಿಂದ 150 ಕೋಟಿ ರೂಪಾಯಿ ಲಂಚ ಪಡೆದಿದ್ದಾರೆ ಎಂದು ಆರೋಪಿಸಿದರು. ಬಿಜೆಪಿ ಅವರನ್ನು ಅಮಾನತು ಮಾಡಿತು. ಅಮಾನತು ಹೆಚ್ಚು ದಿನ ಉಳಿಯಲಿಲ್ಲ. 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದು ಬಹುಮತಕ್ಕೆ ಮೂರು ಕಡಿಮೆ ಬಿತ್ತು. ಬಳ್ಳಾರಿ ಜಿಲ್ಲೆಯ 9 ಕ್ಷೇತ್ರಗಳಲ್ಲಿ 8 ಅದರ ಪಾಲಾಗಿದ್ದವು. ಪಕ್ಷೇತರರನ್ನು ಕರೆತರುವುದರಲ್ಲಿ, ಆಮೇಲೆ ಬೇರೆ ಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ ಉಪಚುನಾವಣೆಗೆ ನಿಲ್ಲಿಸಿದ ‘ಆಪರೇಷನ್ ಕಮಲ’ದಲ್ಲಿ ರೆಡ್ಡಿಗಳ ಕೈ ದೊಡ್ಡದು ಎಂಬುದು ಆ ಕಾಲದ ಎಲ್ಲರ ಮಾತು. ಸಂಪುಟದಲ್ಲಿ ಅದಕ್ಕೆ ತಕ್ಕ ಪಾಲೂ ಸಿಕ್ಕಿತು. ಜನಾರ್ದನ ರೆಡ್ಡಿಗೆ ಪ್ರವಾಸೋದ್ಯಮ ಮತ್ತು ಮೂಲಸೌಕರ್ಯ, ಕರುಣಾಕರ ರೆಡ್ಡಿಗೆ ಕಂದಾಯ, ಶ್ರೀರಾಮುಲುಗೆ ಆರೋಗ್ಯ. ಸೋಮಶೇಖರ ರೆಡ್ಡಿಗೆ ಕರ್ನಾಟಕ ಹಾಲು ಮಹಾಮಂಡಳದ ಅಧ್ಯಕ್ಷಗಿರಿ.

2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕವನ್ನು ನೆರೆ ನುಂಗಿತು. ಪರಿಹಾರದ ಹಣಕ್ಕೆ ಅದಿರು ಲಾರಿಯೊಂದಕ್ಕೆ 1,000 ರೂಪಾಯಿ ವಸೂಲಿ ಮಾಡಲು ಮುಖ್ಯಮಂತ್ರಿ ಯಡಿಯೂರಪ್ಪ ಹೊರಟರು. ಬಳ್ಳಾರಿಯ ಅಧಿಕಾರಿಗಳ ವರ್ಗಾವಣೆಗೂ ಕೈಹಾಕಿದರು. ಬಂಡಾಯ ಎದ್ದಿತು, ಶಾಸಕರು ರೆಸಾರ್ಟ್ ಸೇರಿದರು. ದೆಹಲಿಯಲ್ಲಿ ಸಂಧಾನ ಮುಗಿಯುವ ಹೊತ್ತಿಗೆ ಲಾರಿಯ ಸುಂಕ ಹೋಗಿತ್ತು, ಸಚಿವೆ ಶೋಭಾ ಕರಂದ್ಲಾಜೆ ಸಂಪುಟದಿಂದ ಹೊರಗಿದ್ದರು, ಮುಖ್ಯಮಂತ್ರಿಯ ಪ್ರಧಾನ ಕಾರ್ಯದರ್ಶಿ ಬದಲಾಗಿದ್ದರು. ಟಿವಿ ಕ್ಯಾಮೆರಾ ಮುಂದೆ ಯಡಿಯೂರಪ್ಪ ಕಣ್ಣೀರು ಹಾಕಿದರು. ಅಷ್ಟು ದೊಡ್ಡ ಗಲಾಟೆಯ ಬೇರು ಲಾರಿಗೆ ಸಾವಿರ ರೂಪಾಯಿ ಎಂಬಲ್ಲಿತ್ತು ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ.

ಗೆಲುವಿನ ಆ ತಿಂಗಳಲ್ಲೇ ಬುಡ ಅಲುಗಿತ್ತು. 2009ರ ಸೆಪ್ಟೆಂಬರ್‌ನಲ್ಲಿ ರಾಜಶೇಖರ ರೆಡ್ಡಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದ ರೋಸಯ್ಯ ಸರ್ಕಾರ ಓಎಂಸಿ ವಿಷಯವನ್ನು ಸಿಬಿಐಗೆ ಒಪ್ಪಿಸಿತು. ಡಿಸೆಂಬರ್ 7ರಂದು ಎಫ್‌ಐಆರ್ ದಾಖಲಾಯಿತು. ಬೆಂಗಳೂರಿನಲ್ಲಿ ಇವರ ಕೈ ಮೇಲಿದ್ದಾಗಲೇ ಗಡಿಯಾಚೆಗೆ ರಕ್ಷಣೆ ಹೋಗಿತ್ತು. 2010ರ ಜುಲೈ 25ರಿಂದ ಆಗಸ್ಟ್ 9ರವರೆಗೆ ಸಿದ್ದರಾಮಯ್ಯ ಮುಂದಾಳತ್ವದಲ್ಲಿ ಕಾಂಗ್ರೆಸ್ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆಯಿತು. ಸದನದಲ್ಲಿ ಎದ್ದ ‘ಬಳ್ಳಾರಿಗೆ ಬನ್ನಿ, ನೋಡಿಕೊಳ್ಳುತ್ತೇವೆ’ ಎಂಬ ಧಾಟಿಯ ಸವಾಲಿಗೆ ಅದು ಉತ್ತರ. ಮುಂದಿನ ವರ್ಷ ಲೋಕಾಯುಕ್ತ ವರದಿಗೆ ಯಡಿಯೂರಪ್ಪ ಕುರ್ಚಿ ಬಿಟ್ಟರು, ಸದಾನಂದಗೌಡರ ಸಂಪುಟದಲ್ಲಿ ರೆಡ್ಡಿಗಳಿಗೆ ಜಾಗ ಸಿಗಲಿಲ್ಲ. 2011ರ ಸೆಪ್ಟೆಂಬರ್ 5ರ ಬೆಳಿಗ್ಗೆ ಸಿಬಿಐ ಬಳ್ಳಾರಿಗೆ ಬಂದು ಜನಾರ್ದನ ರೆಡ್ಡಿ ಮತ್ತು ಭಾವಮೈದುನ ಬಿ.ವಿ. ಶ್ರೀನಿವಾಸ ರೆಡ್ಡಿಯನ್ನು ಬಂಧಿಸಿ ಹೈದರಾಬಾದಿಗೆ ಒಯ್ದಿತು.

ಷರತ್ತಿನ ಒಳಗೆ ಬದುಕಿದ ಹತ್ತು ವರ್ಷ

2012ರಲ್ಲಿ ಒಮ್ಮೆ ಜಾಮೀನು ಸಿಕ್ಕಿತು. ಅದರ ಹಿಂದೆ ಲಂಚದ ವಾಸನೆ ಎದ್ದು, ಜಾಮೀನು ಕೊಟ್ಟ ಸಿಬಿಐ ನ್ಯಾಯಾಧೀಶರೇ ಅಮಾನತಾದರು, ಜಾಮೀನು ರದ್ದಾಯಿತು. ಹೊರಬಂದದ್ದು 2015ರ ಜನವರಿಯಲ್ಲಿ, ಸುಪ್ರೀಂ ಕೋರ್ಟಿನ ಷರತ್ತುಗಳೊಂದಿಗೆ. 2016ರ ನವೆಂಬರ್ 16ರಂದು, ನೋಟು ರದ್ದಾದ ಎಂಟನೇ ದಿನ, ಜನ ಎಟಿಎಂ ಮುಂದೆ ಸಾಲು ನಿಂತಿದ್ದಾಗ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಗಳ ಮದುವೆ ನಡೆಯಿತು. ಕೆಲವೇ ದಿನದಲ್ಲಿ ಆದಾಯ ತೆರಿಗೆ ಅಧಿಕಾರಿಗಳು ಬಳ್ಳಾರಿಯ ಕಚೇರಿಗಳಿಗೆ ಬಂದರು. 2018ರ ನವೆಂಬರ್‌ನಲ್ಲಿ ಆಂಬಿಡೆಂಟ್ ಹೂಡಿಕೆ ವಂಚನೆ ಪ್ರಕರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದರು; ಬೇಗನೆ ಜಾಮೀನಾಯಿತು.

ಈ ಅವಧಿಯಲ್ಲಿ ಶ್ರೀರಾಮುಲು ಬಿಎಸ್ಆರ್ ಕಾಂಗ್ರೆಸ್ ಕಟ್ಟಿ 2013ರಲ್ಲಿ 4 ಸ್ಥಾನ ಗೆದ್ದು, 2014ರಲ್ಲಿ ಬಿಜೆಪಿಗೆ ಮರಳಿದ್ದರು. ರೆಡ್ಡಿಗೆ ಆ ಬಾಗಿಲು ತೆರೆಯಲಿಲ್ಲ. 2022ರ ಡಿಸೆಂಬರ್ 25ರಂದು ಅವರು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಘೋಷಿಸಿದರು. ಚಿಹ್ನೆ ಫುಟ್‌ಬಾಲ್. ಆರಿಸಿಕೊಂಡ ಕ್ಷೇತ್ರ ಗಂಗಾವತಿ.

ಆ ಆಯ್ಕೆಯಲ್ಲಿ ಅವರ ರಾಜಕೀಯ ಬುದ್ಧಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಗಂಗಾವತಿ ಕೊಪ್ಪಳ ಜಿಲ್ಲೆಯದು, ಆದ್ದರಿಂದ ಜಾಮೀನಿನ ಷರತ್ತು ತಟ್ಟುವುದಿಲ್ಲ. ಆದರೆ ತುಂಗಭದ್ರೆ ದಾಟಿದರೆ ಕಂಪ್ಲಿ, ಅಲ್ಲಿಂದ ಬಳ್ಳಾರಿ. ನಾಲೆ ನೀರಿನ ಭತ್ತದ ಸೀಮೆ. ಆಂಧ್ರದಿಂದ ಬಂದು ನೆಲೆಸಿದ ರೈತರ ‘ಕ್ಯಾಂಪ್’ಗಳು ಸುತ್ತಲೂ ಇವೆ, ತೆಲುಗು ಮಾತು ಪರಕೀಯವಲ್ಲ. ಅಂಜನಾದ್ರಿ ಬೆಟ್ಟ ಅದೇ ಕ್ಷೇತ್ರದಲ್ಲಿರುವುದರಿಂದ ಹನುಮನ ಹೆಸರೂ ಪ್ರಚಾರಕ್ಕೆ ಒದಗುತ್ತದೆ. 2023ರಲ್ಲಿ ಕಾಂಗ್ರೆಸ್ಸಿನ ಇಕ್ಬಾಲ್ ಅನ್ಸಾರಿ ಅವರನ್ನು 8,266 ಮತಗಳಿಂದ ಸೋಲಿಸಿದರು. ಹಾಲಿ ಶಾಸಕರಿದ್ದ ಬಿಜೆಪಿ ಮೂರನೆಯ ಸ್ಥಾನಕ್ಕೆ ಜಾರಿತು. ಅಂದರೆ ಅವರು ತಿಂದದ್ದು ಮುಖ್ಯವಾಗಿ ಬಿಜೆಪಿಯ ಮತ. ಬಳ್ಳಾರಿ ನಗರದಲ್ಲೂ ಹಾಗೇ. ಪತ್ನಿ ಲಕ್ಷ್ಮೀ ಅರುಣಾ ಎರಡನೆಯವರಾದರು, ಬಿಜೆಪಿಯಿಂದ ನಿಂತಿದ್ದ ಸೋಮಶೇಖರ ರೆಡ್ಡಿ ಮೂರನೆಯವರಾದರು, ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿ ಸಲೀಸಾಗಿ ಗೆದ್ದರು. ಒಂದೇ ಸ್ಥಾನ ಗೆದ್ದ ಪಕ್ಷದ ಬೆಲೆ ಗೆದ್ದ ಸ್ಥಾನದಲ್ಲಿ ಇರಲಿಲ್ಲ, ಕೆಡಿಸಿದ ಸ್ಥಾನಗಳಲ್ಲಿತ್ತು. ಬಿಜೆಪಿ ಲೆಕ್ಕ ಹಾಕಿತು. 2024ರ ಮಾರ್ಚ್ 25ರಂದು ರೆಡ್ಡಿ ಪಕ್ಷ ಸಮೇತ ಬಿಜೆಪಿ ಸೇರಿದರು. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ನಿರ್ಬಂಧ ಸಡಿಲಿಸಿತು. ವಿಚಿತ್ರವೆಂದರೆ, ಮನೆಗೆ ಮರಳಿದ ಮೇಲೆ ಅವರ ಪ್ರಭಾವ ಕುಗ್ಗಿದಂತೆ ಕಂಡಿತು. ನವೆಂಬರ್‌ನ ಸಂಡೂರು ಉಪಚುನಾವಣೆಯಲ್ಲಿ ಅವರೇ ಮುಂದೆ ನಿಂತು ಓಡಾಡಿದರೂ ಕಾಂಗ್ರೆಸ್ಸಿನ ಅನ್ನಪೂರ್ಣಾ ತುಕಾರಾಂ ಗೆದ್ದರು. 2025ರ ಜನವರಿಯಲ್ಲಿ ಶ್ರೀರಾಮುಲು ಜತೆಗಿನ ಮುನಿಸು ಬೀದಿಗೆ ಬಂತು.

ಕುರ್ಚಿ ಹೋದದ್ದು, ಬಂದದ್ದು

2025ರ ಮೇ 6ರ ತೀರ್ಪಿನಲ್ಲಿ ಜನಾರ್ದನ ರೆಡ್ಡಿ, ಶ್ರೀನಿವಾಸ ರೆಡ್ಡಿ, ಆಪ್ತ ಸಹಾಯಕ ಮೆಹಫೂಜ್ ಅಲಿ ಖಾನ್, ಆಂಧ್ರದ ಗಣಿ ಇಲಾಖೆಯ ಮಾಜಿ ನಿರ್ದೇಶಕ ವಿ.ಡಿ. ರಾಜಗೋಪಾಲ್ ಮತ್ತು ಓಎಂಸಿ ಕಂಪನಿ ದೋಷಿಗಳಾದರು. ಆಗಿನ ಗಣಿ ಸಚಿವೆ ಸಬಿತಾ ಇಂದ್ರಾರೆಡ್ಡಿ ಮತ್ತು ನಿವೃತ್ತ ಐಎಎಸ್ ಅಧಿಕಾರಿ ಕೃಪಾನಂದಂ ಖುಲಾಸೆಯಾದರು. ಸಿಬಿಐ ಹೇಳಿದ ನಷ್ಟ 884 ಕೋಟಿ ರೂಪಾಯಿ. ಲೋಕಾಯುಕ್ತ ವರದಿಯ 16,085 ಕೋಟಿಗೂ ಇದಕ್ಕೂ ತಳಕು ಹಾಕಬಾರದು. ಇದು ಆಂಧ್ರದ ಒಂದು ಗುತ್ತಿಗೆ ಗುಂಪಿನ ಪ್ರಕರಣ, ಅದು ಇಡೀ ಕರ್ನಾಟಕದ ಲೆಕ್ಕ. ಸುದ್ದಿಗಳಲ್ಲಿ ಇವೆರಡು ಬೆರೆಯುತ್ತಲೇ ಇರುತ್ತವೆ.

ಶಾಸಕ ಸ್ಥಾನ ಹೋದದ್ದು ಹೇಗೆ? ಪ್ರಜಾಪ್ರತಿನಿಧಿ ಕಾಯ್ದೆಯ 8(3)ನೇ ಕಲಂ ಪ್ರಕಾರ 2 ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ದೋಷಿಯೆಂದು ತೀರ್ಪಾದ ದಿನದಿಂದಲೇ ಅನರ್ಹರು. ಬಿಡುಗಡೆಯಾದ ಮೇಲೂ 6 ವರ್ಷ ಅನರ್ಹತೆ ಮುಂದುವರಿಯುತ್ತದೆ. ಮೊದಲು 8(4)ನೇ ಕಲಂ ಹಾಲಿ ಶಾಸಕರಿಗೆ ಮೇಲ್ಮನವಿಗೆ ಮೂರು ತಿಂಗಳ ಕಾವಲು ಕೊಡುತ್ತಿತ್ತು. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹಾಗಾಗಿ ಸ್ಪೀಕರ್ ಅಥವಾ ಸಚಿವಾಲಯ ಯಾರನ್ನೂ ‘ಅನರ್ಹಗೊಳಿಸುವುದಿಲ್ಲ’. ಕಾನೂನು ಆಗಲೇ ಮಾಡಿದ್ದನ್ನು ಅಧಿಸೂಚನೆಯಲ್ಲಿ ಬರೆದು ಸ್ಥಾನ ಖಾಲಿ ಎನ್ನುತ್ತದೆ. ರೆಡ್ಡಿ ವಿಷಯದಲ್ಲಿ ಅಧಿಸೂಚನೆ ಮೇ 8ರಂದು ಬಂದರೂ ಜಾರಿಗೆ ಬಂದದ್ದು ಮೇ 6ರಿಂದಲೇ. ಅಲ್ಲಿಂದ ಕಡತ ಚುನಾವಣಾ ಆಯೋಗದ ಕಡೆ ನಡೆಯುತ್ತದೆ. ವಿಧಾನಸಭೆಯ ಅವಧಿ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ 6 ತಿಂಗಳೊಳಗೆ ಉಪಚುನಾವಣೆ.

ವಕೀಲರಲ್ಲದವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮೇಲ್ಮನವಿ ಹಾಕಿದಾಗ ಕೇಳಬಹುದಾದ ಪರಿಹಾರ ಎರಡು ಬಗೆಯದು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೆ ಆರೋಪಿ ಜೈಲಿನಿಂದ ಹೊರಬರುತ್ತಾನೆ, ಅಷ್ಟೇ. ದೋಷಿ ಎಂಬ ತೀರ್ಪು ನಿಂತಿರುವವರೆಗೆ ಅನರ್ಹತೆಯೂ ನಿಂತಿರುತ್ತದೆ. ದೋಷಿ ಎಂಬ ತೀರ್ಪಿಗೇ ತಡೆ ಸಿಕ್ಕರೆ ಮಾತ್ರ ಅನರ್ಹತೆ ಮಲಗುತ್ತದೆ ಎಂದು ಲೋಕ ಪ್ರಹರಿ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇಂಥ ತಡೆ ಅಪರೂಪಕ್ಕೆ ಕೊಡುವಂಥದು, ಜಾಮೀನಿನಂತೆ ಸುಲಭವಲ್ಲ. ಕ್ಷೇತ್ರದ ಜನ ಪ್ರತಿನಿಧಿಯಿಲ್ಲದೆ ಉಳಿಯುತ್ತಾರೆ, ಉಪಚುನಾವಣೆ ನಡೆದುಬಿಟ್ಟರೆ ಮೇಲ್ಮನವಿ ಗೆದ್ದರೂ ಸ್ಥಾನ ಮರಳುವುದಿಲ್ಲ ಎಂಬ ವಾದದ ಮೇಲೆ ವಕೀಲರು ಅದನ್ನು ಕೇಳುತ್ತಾರೆ. 2023ರಲ್ಲಿ ರಾಹುಲ್ ಗಾಂಧಿಗೆ ಆಗಸ್ಟ್ 4ರಂದು ತಡೆ ಸಿಕ್ಕಿ, 7ರಂದು ಸದಸ್ಯತ್ವ ಮರಳಿದ್ದು ಇದೇ ದಾರಿಯಲ್ಲಿ. ರೆಡ್ಡಿ ವಿಷಯದಲ್ಲಿ ತೆಲಂಗಾಣ ಹೈಕೋರ್ಟ್ ಜೂನ್ 11ರಂದು ಆದೇಶ ಕೊಟ್ಟಿತು, ಅವರು ಹೊರಬಂದರು. ಅದನ್ನು ಆಧರಿಸಿ ವಿಧಾನಸಭೆ ಸಚಿವಾಲಯ ಜುಲೈನಲ್ಲಿ ಅನರ್ಹತೆಯ ಅಧಿಸೂಚನೆ ಹಿಂಪಡೆಯಿತು. ಗಂಗಾವತಿಯಲ್ಲಿ ಉಪಚುನಾವಣೆಗೆ ತಯಾರಿ ನಡೆಸಿದ್ದ ಆಕಾಂಕ್ಷಿಗಳು ಸುಮ್ಮನಾಗಬೇಕಾಯಿತು.

ಮೇಲ್ಮನವಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 2011ರ ಸೆಪ್ಟೆಂಬರ್‌ನಿಂದ 2015ರ ಜನವರಿವರೆಗೆ ಅವರು 3 ವರ್ಷ 4 ತಿಂಗಳಿಗೂ ಹೆಚ್ಚು ಕಾಲ ಒಳಗಿದ್ದರು. ವಿಚಾರಣಾ ಕಾಲದ ಆ ಸೆರೆವಾಸವನ್ನು ಪೂರ್ತಿಯಾಗಿ 7 ವರ್ಷದಲ್ಲಿ ಕಳೆದರೂ ಉಳಿಯುವುದು ಮೂರೂವರೆ ವರ್ಷಕ್ಕೂ ಮಿಗಿಲು. ತೀರ್ಪಿನ ದಿನದಿಂದಲೇ ಎಡೆಬಿಡದೆ ಅನುಭವಿಸಿದ್ದರೂ ಬಿಡುಗಡೆ 2028ರ ಕೊನೆಗೆ ಬರುತ್ತಿತ್ತು. ಮೇಲೆ 6 ವರ್ಷ ಸೇರಿದರೆ 2034. ವಿಧಾನಸಭೆ ಅವಧಿಗೆ ಸರಿಯಾಗಿ ನಡೆದರೆ 2028 ಮತ್ತು 2033ರ ಎರಡೂ ಚುನಾವಣೆಗಳು ಕೈತಪ್ಪುತ್ತವೆ. ಹೊರಗಿದ್ದ ದಿನಗಳು ಶಿಕ್ಷೆಗೆ ಜಮೆಯಾಗದ ಕಾರಣ, ಮೇಲ್ಮನವಿ ತಡವಾದಷ್ಟೂ ಆ ಕೊನೆಯ ದಿನಾಂಕ ಮುಂದಕ್ಕೆ ಹೋಗುತ್ತದೆ. 1967ರಲ್ಲಿ ಹುಟ್ಟಿದವರಿಗೆ ಇದು ಸಣ್ಣ ಲೆಕ್ಕವಲ್ಲ. ಹಾಗಾಗಿ ಅವರಿಗೆ ಬೇಕಾಗಿರುವುದು ಖುಲಾಸೆ. ಇಲ್ಲವಾದರೆ ತಡೆ ಮುಂದುವರಿದಿರುವಾಗಲೇ 2028ರ ನಾಮಪತ್ರ ಸಲ್ಲಿಕೆ ಮುಗಿಯಬೇಕು.

ಇತ್ತ ಗಣಿಗಾರಿಕೆಯ ನೆಲವೇ ಬದಲಾಗಿದೆ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ 166 ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಒತ್ತುವರಿ ಮಾಡಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉತ್ಪಾದನೆಗೆ ಮಿತಿ ಬಿತ್ತು: ಮೊದಲು ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರೂ ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್, 2022ರಿಂದ 5 ಕೋಟಿ. ಗುತ್ತಿಗೆಗಳು ಈಗ ಹರಾಜಿನಲ್ಲಿ ಹೋಗುತ್ತವೆ, ಉಕ್ಕಿನ ದೊಡ್ಡ ಕಂಪನಿಗಳು ಕೊಳ್ಳುತ್ತವೆ. ಚಿಕ್ಕ ಗುತ್ತಿಗೆ, ದೊಡ್ಡ ಸ್ಟಾಕ್‌ಯಾರ್ಡ್, ಎರಡು ರಾಜ್ಯದ ಪರ್ಮಿಟ್ ಎಂಬ ಹಳೆಯ ದಾರಿ ಮುಚ್ಚಿದೆ. ಗಂಗಾವತಿಯ ಗೆಲುವು ಗಣಿ ನಿಂತು ಹತ್ತಿರ ಹತ್ತಿರ ಹನ್ನೆರಡು ವರ್ಷಕ್ಕೆ ಬಂದದ್ದು. ಹಾಗಾಗಿ ಅದಿರಿನ ಹಣದಿಂದಲೇ ಎಲ್ಲ ನಡೆಯಿತು ಎನ್ನುವ ವಿವರಣೆ ಅಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಬಿಜೆಪಿ ಮತವನ್ನು ಎಲ್ಲಿ ಒಡೆಯಬಹುದು ಎಂಬ ಲೆಕ್ಕ. ಬಿಜೆಪಿಯ ಒಳಗೇ ಇರುವಾಗ ಆ ಲೆಕ್ಕ ನಡೆಯುವುದಿಲ್ಲ. ಪಕ್ಷ ಸೇರಿದ ಮೇಲಿನ ಸಂಡೂರಿನ ಸೋಲು, ಶ್ರೀರಾಮುಲು ಜತೆಗಿನ ಜಗಳ ಎರಡಕ್ಕೂ ಅರ್ಧ ಕಾರಣ ಇಲ್ಲಿದೆ. ಇನ್ನರ್ಧ ಕಾರಣ ಮೀಸಲಾತಿಯಲ್ಲಿದೆ: ಬಳ್ಳಾರಿ ಲೋಕಸಭೆ ಕ್ಷೇತ್ರವೂ ಬಳ್ಳಾರಿ ಗ್ರಾಮೀಣ, ಸಂಡೂರು, ಕಂಪ್ಲಿ, ಸಿರುಗುಪ್ಪ, ಕೂಡ್ಲಿಗಿ ವಿಧಾನಸಭೆ ಕ್ಷೇತ್ರಗಳೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ರೆಡ್ಡಿ ತಾವೇ ನಿಲ್ಲುವಂತಿಲ್ಲ, ಬೇರೆಯವರನ್ನು ನಿಲ್ಲಿಸಬೇಕು. ಹಾಗೆ ನಿಲ್ಲಿಸಬಹುದಾಗಿದ್ದವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಶ್ರೀರಾಮುಲು ಅವರದೇ.